ಕೋಠಿಯಲ್ಲಿ ಮೂರನೆಯವರು ಇರಲಿಲ್ಲ

ಹಳೆಯ ಪುಸ್ತಕ ಹುಡುಕಿಕೊಂಡು ಕೋಠಿಗೆ ಹೋಗುವ ನಮ್ಮಲ್ಲಿ ಹೆಚ್ಚಿನವರು ಅಲ್ಲಿನ ಮಹಿಳಾ ವಿಶ್ವವಿದ್ಯಾಲಯದ ಗೇಟಿನ ಮುಂದೆ ಹಾದುಹೋಗಿರುತ್ತೇವೆ. ಒಳಗಿರುವ ಎತ್ತರದ ಕಂಬಗಳ ಬಂಗಲೆ ಹಿಂದೆ ಬ್ರಿಟಿಷ್ ರೆಸಿಡೆನ್ಸಿಯಾಗಿತ್ತು. ಕೋಠಿ ಎಂಬ ಹೆಸರು ಬಂದದ್ದೂ ಅದರಿಂದಲೇ. ರೆಸಿಡೆಂಟ್ ಎಂದರೆ ನಿಜಾಮನ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ. ಬಳ್ಳಾರಿ, ರಾಯಚೂರು, ಸುರಪುರ ಯಾರ ಕೈಯಲ್ಲಿರಬೇಕೆಂಬ ಮಾತುಕತೆಗಳಲ್ಲಿ ಕಂಪನಿಯ ಪರವಾಗಿ ಕೂತವರು ಈ ರೆಸಿಡೆಂಟರು.

ಈ ಬಂಗಲೆ ಕಟ್ಟಿಸಿದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ 1800ರಲ್ಲಿ ನಿಜಾಮ್ ಅಲಿ ಖಾನನೊಡನೆ ಒಂದು ಒಪ್ಪಂದ ಮಾಡಿಕೊಂಡ. ಕಂಪನಿಯ ಸೈನ್ಯವನ್ನು ಇಟ್ಟುಕೊಂಡದ್ದರ ಖರ್ಚಿಗಾಗಿ, 1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ಬಂದಿದ್ದ ಪ್ರದೇಶಗಳನ್ನು ನಿಜಾಮ ಬಿಟ್ಟುಕೊಟ್ಟ. ಬಳ್ಳಾರಿ ಹೀಗೆ ಕಂಪನಿಯ ಪಾಲಾಗಿ ಮದರಾಸಿಗೆ ಸೇರಿತು. ರಾಯಚೂರು ಹೈದರಾಬಾದಿನಲ್ಲೇ ಉಳಿಯಿತು. ಬಳ್ಳಾರಿ ಮೈಸೂರಿಗೆ ಬಂದದ್ದು 1953ರಲ್ಲಿ, ರಾಯಚೂರು 1956ರಲ್ಲಿ. ನಡುವೆ ತುಂಗಭದ್ರೆಯಷ್ಟೇ ಇದ್ದ ಎರಡು ಸೀಮೆಗಳು ಒಂದೂವರೆ ಶತಮಾನ ಎರಡು ಸರ್ಕಾರಗಳ ಕೆಳಗೆ ಬಾಳಿದವು.

ಮುಂದಿನ ಜಗಳ ಸಾಲದ್ದು. ಹೈದರಾಬಾದ್ ಕಾಂಟಿಂಜೆಂಟ್ ಎಂಬ ಪಡೆಯ ಸಂಬಳ ಬಾಕಿ ಬಿದ್ದಿದೆಯೆಂದು ಕಂಪನಿ ಲೆಕ್ಕ ತೋರಿಸಿತು. ಆ ಪಡೆಯನ್ನು ಶಾಂತಿಕಾಲದಲ್ಲೂ ಸಾಕಬೇಕೆಂಬ ಷರತ್ತು 1800ರ ಒಪ್ಪಂದದಲ್ಲಿ ಇರಲಿಲ್ಲ. ಸಿಕಂದರಾಬಾದ್ ದಂಡಿನ ಅಬಕಾರಿ ಹಣ ತನಗೆ ಸೇರಬೇಕೆಂದು ಹೈದರಾಬಾದ್ ಕೂಡ ತನ್ನ ಲೆಕ್ಕ ಮುಂದಿಟ್ಟಿತು. ಯಾರ ಲೆಕ್ಕ ಸರಿ? ಕೇಳಿ ತೀರ್ಮಾನಿಸಬಲ್ಲ ಮೂರನೆಯವರೇ ಇರಲಿಲ್ಲ. ಸಾಲ ಕೊಟ್ಟವರು, ಲೆಕ್ಕ ಬರೆದವರು, ತೀರ್ಪು ಹೇಳಿದವರು ಎಲ್ಲರೂ ಒಂದೇ ಕಡೆಯವರು. 1853ರ ಮೇ ತಿಂಗಳಲ್ಲಿ ರೆಸಿಡೆಂಟ್ ಜಾನ್ ಲೋ ಮುಂದಿಟ್ಟ ಒಪ್ಪಂದಕ್ಕೆ ನಿಜಾಮ ನಾಸಿರುದ್ದೌಲಾ ಮನಸ್ಸಿಲ್ಲದೆ ಒಪ್ಪಿದ. ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋದವು.

1857ರ ದಂಗೆಯಲ್ಲಿ ಹೈದರಾಬಾದ್ ಬ್ರಿಟಿಷರ ಪರ ನಿಂತಿತು. 1860ರಲ್ಲಿ ಬಹುಮಾನ ಬಂತು: 50 ಲಕ್ಷ ರೂಪಾಯಿ ಸಾಲ ಮನ್ನಾ, ರಾಯಚೂರು ಮತ್ತು ಧಾರಾಶಿವ ವಾಪಸ್, ಜೊತೆಗೆ ಸುರಪುರ. ರಾಜಾ ವೆಂಕಟಪ್ಪ ನಾಯಕ ಬಂಡೆದ್ದಿದ್ದ ಸಂಸ್ಥಾನವದು. ಬಾಕಿ ಎನ್ನುತ್ತಿದ್ದ ಹಣ ಒಂದೇ ಏಟಿಗೆ ವಜಾ ಆಯಿತು. ಬೇರಾರ್ ಮಾತ್ರ ಮರಳಲಿಲ್ಲ. ದಿವಾನ ಸಾಲಾರ್ ಜಂಗ್ ಅದಕ್ಕಾಗಿ ಬರೆದ ಅರ್ಜಿಗಳೆಲ್ಲ ಹೋದದ್ದು ಎದುರು ಪಕ್ಷದ ಮೇಜಿಗೇ.

ಇದು ಹಳೆಯ ಕತೆಯೆಂದು ಬಿಡುವಂತಿಲ್ಲ. ನಮ್ಮಲ್ಲಿ ಹಲವರು ಸಹಿ ಮಾಡಿರುವ ಸಾಲದ ಕಾಗದದಲ್ಲೋ ನೌಕರಿಯ ಕರಾರಿನಲ್ಲೋ ಇಂಥದೊಂದು ಸಾಲು ಇರುತ್ತದೆ: ವ್ಯಾಜ್ಯ ಬಂದರೆ ಕಂಪನಿ ನೇಮಿಸುವ ಒಬ್ಬ ಆರ್ಬಿಟ್ರೇಟರ್ ಇತ್ಯರ್ಥ ಮಾಡುತ್ತಾರೆ. ಮೂರನೆಯವರು ಇದ್ದಾರೆ, ನಿಜ. ಆದರೆ ಅವರನ್ನು ಆರಿಸಿದವರು ಯಾರು?

1996ರ ಮಧ್ಯಸ್ಥಿಕೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ಪಕ್ಷಗಾರರೊಡನೆ ನಂಟಿರುವವರನ್ನು ಆ ಕುರ್ಚಿಯಿಂದ ದೂರವಿಟ್ಟಿತು. ವ್ಯಾಜ್ಯ ಹುಟ್ಟಿದ ಮೇಲೆ ಎರಡೂ ಕಡೆಯವರು ಬರಹದಲ್ಲಿ ಒಪ್ಪಿದರೆ ಮಾತ್ರ ಆ ತಡೆ ಸಡಿಲವಾಗುತ್ತದೆ. ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಏಕೈಕ ಆರ್ಬಿಟ್ರೇಟರನ್ನು ತಾವೇ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 2024ರ ನವೆಂಬರ್ 8ರಂದು ಅದರ ಐವರ ಸಂವಿಧಾನ ಪೀಠ ರೈಲ್ವೆ ವಿದ್ಯುದೀಕರಣದ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಸರ್ಕಾರಿ ಸಂಸ್ಥೆಗಳ ಗುತ್ತಿಗೆಯಲ್ಲಿ ಇಂಥ ಏಕಪಕ್ಷೀಯ ನೇಮಕದ ಷರತ್ತು ಸಮಾನತೆಯ 14ನೇ ವಿಧಿಗೆ ವಿರುದ್ಧ ಎಂದು ಬಹುಮತದ ತೀರ್ಪು ಹೇಳಿತು.

ಇದೇ ಹೈದರಾಬಾದಿನಲ್ಲಿ 2021ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಮತ್ತು ಮೀಡಿಯೇಷನ್ ಕೇಂದ್ರವೂ ಶುರುವಾಗಿದೆ. ಕೇಂದ್ರಗಳು ಎಷ್ಟೇ ಬರಲಿ, ಪ್ರಶ್ನೆ ರಾಯಚೂರಿನ ಕಾಲದ್ದೇ. ಮುಂದಿನ ಸಲ ಸಹಿ ಹಾಕುವ ಮುನ್ನ ಆ ಒಂದು ಸಾಲನ್ನು ಹುಡುಕಿ ಓದಿ. ನ್ಯಾಯ ಹೇಳುವವರನ್ನು ಒಂದೇ ಕಡೆಯವರು ಆರಿಸುವುದಾದರೆ, ಬದಲಿಸಿ ಎಂದು ಕೇಳಿ. ನಾಸಿರುದ್ದೌಲನಿಗೆ ಹೀಗೆ ಕೇಳಲು ಒಂದು ಕಾನೂನಿರಲಿಲ್ಲ. ನಮಗಿದೆ.