ದೂತಾವಾಸ ರಕ್ಷಣೆ

ವ್ಯಾಸಂಗ, ಉದ್ಯೋಗ, ವ್ಯಾಪಾರ ಅಥವಾ ಪ್ರವಾಸದ ನಿಮಿತ್ತ ಪರರಾಷ್ಟ್ರದಲ್ಲಿರುವ ಪ್ರಜೆಯು ಬಂಧನ, ಅಪಘಾತ, ಯುದ್ಧ ಮುಂತಾದ ವಿಪತ್ತಿಗೆ ಸಿಲುಕಿದಾಗ, ಅವನ ಸ್ವದೇಶದ ಸರಕಾರವು ಅಲ್ಲಿಯ ತನ್ನ ಕಾನ್ಸುಲ್ ಅಧಿಕಾರಿಗಳ ಮೂಲಕ ಒದಗಿಸುವ ನೆರವು. ಆತಿಥೇಯ ದೇಶದ ಕಾನೂನಿನಿಂದ ವಿನಾಯಿತಿ ದೊರಕಿಸಿಕೊಡುವ ಶಕ್ತಿ ಇದಕ್ಕಿಲ್ಲ.

ಪೂರ್ವೇತಿಹಾಸ

ರಾಜ್ಯಗಳು ಈ ಹೊಣೆಯನ್ನು ವಹಿಸಿಕೊಳ್ಳುವ ಮುನ್ನ, ದೂರದೇಶಕ್ಕೆ ಹೋದವರ ಯೋಗಕ್ಷೇಮವನ್ನು ಬಹುಮಟ್ಟಿಗೆ ಅವರವರ ಸಂಘಗಳೇ ನೋಡಿಕೊಳ್ಳುತ್ತಿದ್ದವು. ಅಯ್ಯಾವೊಳೆಯ, ಎಂದರೆ ಇಂದಿನ ಐಹೊಳೆಯ, ಹೆಸರನ್ನು ಹೊತ್ತ ಐನೂರ್ವರ ವರ್ತಕಸಂಘವು ತನ್ನದೇ ಭಟರ ಕಾವಲಿನಲ್ಲಿ ಸಂಚರಿಸುತ್ತಿತ್ತು. ಸುಮಾತ್ರದ ಬಾರುಸ್ ಬಳಿ ಲೋಬು ತುವಾದಲ್ಲಿ ದೊರೆತ, 1088ರದೆಂದು ಗಣಿಸಲಾಗಿರುವ ತಮಿಳು ಶಾಸನವು ಅದರ ಸಾಗರಾಂತರ ವ್ಯಾಪ್ತಿಗೆ ಸಾಕ್ಷಿಯಾಗಿದೆ. ಮಧ್ಯಯುಗದ ಮೆಡಿಟರೇನಿಯನ್ ರೇವುಗಳಲ್ಲಿ ಇಟಲಿ ಮತ್ತು ಕ್ಯಾಟಲೋನಿಯದ ವರ್ತಕರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಕಾನ್ಸುಲರನ್ನು ಇಂದಿನ ಅಧಿಕಾರಿಗಳ ಪೂರ್ವಿಕರೆನ್ನಬಹುದು.

36ನೆಯ ವಿಧಿ

1963ರ ಏಪ್ರಿಲ್ 24ರಂದು ವಿಯೆನ್ನಾದಲ್ಲಿ ಅಂಗೀಕೃತವಾಗಿ 1967ರಲ್ಲಿ ಜಾರಿಗೆ ಬಂದ, ಭಾರತವು 1977ರಲ್ಲಿ ಸೇರಿದ ಕಾನ್ಸುಲರ್ ಸಂಬಂಧಗಳ ಒಪ್ಪಂದವೇ ಇಂದಿನ ರಕ್ಷಣೆಗೆ ಆಧಾರ. ಅದರ 36ನೆಯ ವಿಧಿಯ ಪ್ರಕಾರ, ವಿದೇಶೀಯನೊಬ್ಬನನ್ನು ಬಂಧಿಸಿದ ಅಧಿಕಾರಿಗಳು ತನ್ನ ದೂತಾವಾಸವನ್ನು ಸಂಪರ್ಕಿಸಲು ಅವನಿಗಿರುವ ಹಕ್ಕನ್ನು ವಿಳಂಬವಿಲ್ಲದೆ ಅವನಿಗೆ ತಿಳಿಸತಕ್ಕದ್ದು. ಅವನು ಕೋರಿದಲ್ಲಿ ಅವನ ದೂತಾವಾಸಕ್ಕೂ ವಿಳಂಬವಿಲ್ಲದೆ ಸುದ್ದಿ ಮುಟ್ಟಿಸತಕ್ಕದ್ದು. ಅವನನ್ನು ಕಂಡು ಮಾತನಾಡಲು, ಪತ್ರವ್ಯವಹಾರ ನಡೆಸಲು, ವಕೀಲರನ್ನು ಗೊತ್ತುಮಾಡಲು ಕಾನ್ಸುಲನಿಗೆ ಹಕ್ಕುಂಟು. ‘ಕೋರಿದಲ್ಲಿ’ ಎಂಬ ನಿಬಂಧನೆಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಲಕ್ಷಿಸಬೇಕು: ಎರಡು ದೇಶಗಳ ನಡುವೆ ಪ್ರತ್ಯೇಕ ಕರಾರೇನಾದರೂ ಇದ್ದ ಹೊರತು, ಬಾಯಿಬಿಟ್ಟು ಕೇಳದವನ ಸುದ್ದಿಯನ್ನು ಪೊಲೀಸರು ದೂತಾವಾಸಕ್ಕೆ ಕಳುಹಿಸಲೇಬೇಕೆಂಬ ನಿರ್ಬಂಧವಿಲ್ಲ.

ಈ ಹಕ್ಕು ರಾಜ್ಯದ್ದೋ ವ್ಯಕ್ತಿಯದೋ ಎಂಬ ಪ್ರಶ್ನೆಯು ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು. ಅಮೆರಿಕದ ಅರಿಜೋನದಲ್ಲಿ ಲಾಗ್ರಾಂಡ್ ಎಂಬ ಜರ್ಮನ್ ಪ್ರಜೆಗಳಾದ ಸಹೋದರರಿಬ್ಬರಿಗೆ ಇಂಥದೊಂದು ಹಕ್ಕಿದೆಯೆಂದು ಸಕಾಲದಲ್ಲಿ ತಿಳಿಸದೆಯೇ ವಿಚಾರಣೆ ಮುಗಿಸಿ ಮರಣದಂಡನೆ ವಿಧಿಸಲಾಯಿತು. ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟ 1999ರ ಮಾರ್ಚ್ 3ರಂದೇ ಅವರಲ್ಲಿ ಉಳಿದಿದ್ದವನೂ ದಂಡನೆಗೊಳಗಾದನು. 2001ರ ಜೂನ್ 27ರ ತೀರ್ಪಿನಲ್ಲಿ ಆ ನ್ಯಾಯಾಲಯವು ಈ ವಿಧಿ ವ್ಯಕ್ತಿಗೂ ಹಕ್ಕನ್ನು ನೀಡುತ್ತದೆಂದು ನಿರ್ಣಯಿಸಿತು. ಮೆಕ್ಸಿಕೊ ಹೂಡಿದ ಅವೆನಾ ಮೊಕದ್ದಮೆಯಲ್ಲಿ (2004) ‘ವಿಳಂಬವಿಲ್ಲದೆ’ ಎಂದರೆ ಬಂಧಿಸಿದ ಕ್ಷಣವೇ ಎಂದಾಗದಿದ್ದರೂ, ಬಂಧಿತನು ವಿದೇಶೀಯನೆಂದು ಗೊತ್ತಾದೊಡನೆ ಅಥವಾ ಹಾಗೆಂದು ಊಹಿಸಲು ಕಾರಣ ದೊರೆತೊಡನೆ ತಿಳಿಸುವ ಹೊಣೆ ಹುಟ್ಟುತ್ತದೆಂದು ವಿವರಿಸಲಾಯಿತು. ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾದ ಕುಲಭೂಷಣ ಜಾಧವರ ಪರವಾಗಿ ಭಾರತ ಹೂಡಿದ ಮೊಕದ್ದಮೆಯಲ್ಲಿ, 2019ರ ಜುಲೈ 17ರಂದು, ಗೂಢಚರ್ಯೆಯ ಆರೋಪವಿದ್ದಮಾತ್ರಕ್ಕೆ ಈ ಹಕ್ಕು ಲೋಪವಾಗದೆಂದು ನ್ಯಾಯಾಲಯ ಸ್ಪಷ್ಟಪಡಿಸಿ, ಶಿಕ್ಷೆಯ ಪುನಃಪರಿಶೀಲನೆಗೆ ಆದೇಶಿಸಿತು. ಬಿಡುಗಡೆ ಮಾಡಬೇಕೆಂಬ ಭಾರತದ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಈ ರಕ್ಷಣೆಯ ಶಕ್ತಿಯನ್ನೂ ಮಿತಿಯನ್ನೂ ಈ ತೀರ್ಪು ಒಟ್ಟಿಗೆ ತೋರಿಸುತ್ತದೆ.

ಯುದ್ಧಕಾಲ

1990ರಲ್ಲಿ ಕುವೈತಿನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮಾರ್ಗವಾಗಿ ವಿಮಾನಗಳಲ್ಲಿ ಕರೆತರಲಾಯಿತು. 2022ರಲ್ಲಿ ಉಕ್ರೇನಿನಿಂದ 22,000ಕ್ಕೂ ಹೆಚ್ಚು ಮಂದಿ, ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು, ಹಿಂದಿರುಗಿದರು. ಅಲ್ಲಿರುವುದು ಅನಿವಾರ್ಯವಲ್ಲದವರು ತಾತ್ಕಾಲಿಕವಾಗಿ ಹೊರಡುವುದು ಲೇಸೆಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ ಫೆಬ್ರವರಿ 15ರಂದೇ ಸೂಚಿಸಿತ್ತಾದರೂ, ತರಗತಿಗಳು ನಡೆಯುತ್ತಿದ್ದುದರಿಂದ ಅನೇಕರು ಹೊರಡಲು ಹಿಂಜರಿದರು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬನು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದನು. ಮರುದಿನ, ವಾಹನ ದೊರೆಯದಿದ್ದರೆ ಕಾಲ್ನಡಿಗೆಯಲ್ಲಾದರೂ ಆ ನಗರವನ್ನು ಬಿಡಬೇಕೆಂದು ರಾಯಭಾರ ಕಚೇರಿ ಹೇಳಬೇಕಾಯಿತು. ಎಚ್ಚರಿಕೆಯ ಸೂಚನೆಯೂ ರಕ್ಷಣೆಯ ಒಂದು ಅಂಗವೇ ಎಂಬುದನ್ನು, ಅದು ಸಾಮಾನ್ಯವಾಗಿ ಸಂದಿಗ್ಧ ಭಾಷೆಯಲ್ಲಿ ಬರುವುದರಿಂದ, ಓದುವವರು ಮರೆಯುವುದುಂಟು.

ಮಿತಿಗಳು

ಕಾನ್ಸುಲನು ಸ್ಥಳೀಯ ನ್ಯಾಯಾಲಯದ ವ್ಯವಹಾರದಲ್ಲಿ ಕೈಹಾಕಲಾರನು. 1930ರ ಹೇಗ್ ಒಪ್ಪಂದದಂತೆ, ಎರಡು ದೇಶಗಳ ಪೌರತ್ವವುಳ್ಳವನನ್ನು ಒಂದರ ವಿರುದ್ಧ ಮತ್ತೊಂದು ಸಂರಕ್ಷಿಸುವಂತಿಲ್ಲ.

ಭಾರತದ ವ್ಯವಸ್ಥೆ

ಸಂಕಷ್ಟದಲ್ಲಿರುವ ಅರ್ಹರಿಗೆ ನೆರವಾಗಲು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ, ದೂರು ಸಲ್ಲಿಸಲು 2015ರಲ್ಲಿ ‘ಮದದ್’ ಎಂಬ ಜಾಲತಾಣವೂ ಏರ್ಪಟ್ಟವು. ವಿದೇಶದಲ್ಲಿ ವ್ಯಾಸಂಗಮಾಡುವವರು ತಮ್ಮ ಅಲ್ಲಿಯ ವಿಳಾಸವನ್ನೂ ವಿದ್ಯಾಸಂಸ್ಥೆಯ ವಿವರವನ್ನೂ ‘ಮದದ್’ನಲ್ಲಿ ನೋಂದಾಯಿಸಬಹುದು.