ಹರಿಗೋಲಿಗಿಂತ ಮೊದಲು ದಂಡೆ

ಕಡಲಿಲ್ಲದ ಗದಗ ಸೀಮೆಯಲ್ಲಿ ಅಂಗವಿಕಲರ ಹಾಯಿದೋಣಿಯ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಗದಗ-ಬೆಟಗೇರಿ, ಲಕ್ಷ್ಮೇಶ್ವರದವರಿಗೆ ನೀರೆಂದರೆ ಕೆರೆ, ಸರಿ. ಆದರೆ ಶಿರಹಟ್ಟಿ, ಮುಂಡರಗಿ ಕಡೆಗೆ ಇಳಿದರೆ ತುಂಗಭದ್ರೆ ಇದೆ. ಸಿಂಗಟಾಲೂರು ಏತ ನೀರಾವರಿಗೆಂದು ಹಮ್ಮಿಗಿಯಲ್ಲಿ ಕಟ್ಟಿದ ಬ್ಯಾರೇಜಿನ ಹಿಂದೆ ಹೊಳೆಯ ಸೆಳವು ತಗ್ಗಿ ನೀರು ಹರಡಿಕೊಂಡು ನಿಲ್ಲುತ್ತದೆ. ಗಾಳಿಗಂತೂ ಬರವಿಲ್ಲ, ಕಪ್ಪತಗುಡ್ಡದ ಸೀಮೆಯ ಗಾಳಿಯಂತ್ರಗಳನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗವಿಕಲರ ಹಾಯಿದೋಣಿ ಪಂದ್ಯ 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರದರ್ಶನವಾಗಿ ಬಂದು, 2000ದ ಸಿಡ್ನಿಯಲ್ಲಿ ಪದಕದ ಪಂದ್ಯವಾಯಿತು. 2016ರ ರಿಯೊ ನಂತರ ಕೈಬಿಟ್ಟರು. ನನಗೆ ಪದಕಕ್ಕಿಂತ ದೋಣಿಯ ರಚನೆ ಮುಖ್ಯ. ಮಾಮೂಲಿ ಸಣ್ಣ ಹಾಯಿದೋಣಿ ಗಾಳಿಗೆ ವಾಲಿದಾಗ ನಡೆಸುವವರು ಎದುರಂಚಿಗೆ ಸರಿದು ತೂಕ ಸರಿದೂಗಿಸಬೇಕು. ಕಾಲಿಗೆ ಬಲವಿಲ್ಲದವರಿಗೆ ತೊಡಕಾಗುವುದು ಇಲ್ಲೇ. ಆಸ್ಟ್ರೇಲಿಯದಲ್ಲಿ ಹುಟ್ಟಿದ ಹನ್ಸಾ ದೋಣಿಯಲ್ಲಿ ಆಸನ ತಳಕ್ಕೆ ಹತ್ತಿರ, ಭಾರ ನೀರಿನೊಳಗಿನ ಹಲಗೆಯಲ್ಲಿ. ಮುಂದಕ್ಕೆ ಮುಖಮಾಡಿ ಕುಳಿತವರು ಜಾಗ ಬಿಟ್ಟು ಕದಲದೆ ಒಂದು ಹಿಡಿಕೋಲಿನಿಂದ ಚುಕ್ಕಾಣಿ ತಿರುಗಿಸುತ್ತಾರೆ.

ತಗ್ಗಿನಲ್ಲಿ ಕೂರುವ ಈ ಗುಣ ನಮ್ಮ ಹರಿಗೋಲಿಗೆ ಮೊದಲಿನಿಂದಲೂ ಇದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಚರ್ಮ ಹೊದಿಸಿದ ದುಂಡು ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ, ಅಗತ್ಯ ಬಿದ್ದರೆ ಕುದುರೆ-ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಎತ್ತು ಹತ್ತಿದ ಹರಿಗೋಲಿಗೆ ಗಾಲಿಕುರ್ಚಿ ಭಾರವಾಗದು. ಆದರೆ ಹರಿಗೋಲಿನಲ್ಲಿ ಹುಟ್ಟು ಅಂಬಿಗನ ಕೈಯಲ್ಲಿ, ಕುಳಿತವರು ಬರೀ ಪ್ರಯಾಣಿಕರು. ಹನ್ಸಾದಲ್ಲಿ ಅವರೇ ಅಂಬಿಗರು. ಈ ವ್ಯತ್ಯಾಸ ಸಣ್ಣದಲ್ಲ. ಅಂಧ ನಾವಿಕರು ಕೆನ್ನೆಗೆ ತಾಗುವ ಗಾಳಿಯಿಂದ, ಹಾಯಿ ಪಟಪಟಿಸುವ ಸದ್ದಿನಿಂದ ದಿಕ್ಕು ಹಿಡಿಯುತ್ತಾರೆ. ಅಂಧ ಸಂಗೀತಗಾರರಾದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮ ನಡೆಸಿದ ಗದಗಿಗೆ ಕಿವಿಯಿಂದ ಕಲಿಯುವುದು ಹೊಸತೇನಲ್ಲ.

ಹಾಗಾದರೆ ತೊಡಕೆಲ್ಲಿ? ದಂಡೆಯಲ್ಲಿ. ಬ್ಯಾರೇಜಿನ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಇಳಿದಾಗ ಕೆಸರು, ಏರಿದಾಗ ಮೆಟ್ಟಿಲು ಮುಳುಗಡೆ. ಗಾಲಿಕುರ್ಚಿಗೆ ಒಪ್ಪಿತ ಇಳಿಜಾರು 1:12. ಎರಡು ಮೀಟರ್ ಇಳಿಯಲು 24 ಮೀಟರ್ ಹಾದಿ, ನಡುವೆ ತಂಗಲು ಸಮತಟ್ಟು ಜಾಗ ಬೇರೆ. ಕಾಂಕ್ರೀಟು ಸುರಿದು ಕೈತೊಳೆದುಕೊಂಡರೆ ಆಗದು. ನೀರಿನೊಡನೆ ಏರಿಳಿಯುವ ತೇಲುಕಟ್ಟೆ, ಅದರ ಮೇಲೆ ಕುರ್ಚಿಯಿಂದ ದೋಣಿಗೆ ಇಳಿಸುವ ಕೈರಾಟೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಕ್ರೀಡಾ ಸೌಲಭ್ಯಗಳನ್ನು ಅಂಗವಿಕಲರಿಗಾಗಿ ಮರುವಿನ್ಯಾಸ ಮಾಡಬೇಕೆನ್ನುತ್ತದೆ. ಈ ಕಟ್ಟೆಯನ್ನು ಕೇಳಲು ಅಷ್ಟು ಆಧಾರ ಸಾಕು.

ಕಾಲದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಆಷಾಢದ ಗಾಳಿ ಹಾಯಿಗೆ ಹಬ್ಬ, ಆದರೆ ಆಗಲೇ ಮಲೆನಾಡಿನ ಮಳೆಗೆ ಹೊಳೆ ತುಂಬಿ ಬರುತ್ತದೆ. ಹೊಸಬರು ಕಲಿಯುವುದಾದರೆ ದೀಪಾವಳಿ ಕಳೆದ ಮೇಲೆ, ಸೆಳವು ಇಳಿದು ಗಾಳಿ ಮೆದುವಾದಾಗ.