ಹೆಸರು ಬದಲಿಸುತ್ತ ಬಂದ ಒಂದು ಸಂಘದ ಚರಿತ್ರೆ

ಲಂಡನ್ ನಗರದಲ್ಲಿ ಆ್ಯಂಟಿ-ಸ್ಲೇವರಿ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯೊಂದಿದೆ. ಮನುಷ್ಯರನ್ನು ವಂಚಿಸಿ ಸಾಗಿಸುವುದು, ಸಾಲದ ನೆಪದಿಂದ ದುಡಿಮೆಗೆ ಕಟ್ಟಿಹಾಕುವುದು, ಮಕ್ಕಳನ್ನು ಕೂಲಿಗೆ ನೂಕುವುದು ಮೊದಲಾದ ಅನ್ಯಾಯಗಳ ವಿರುದ್ಧ ಅದು ಇಂದು ಕಾರ್ಯನಿರತವಾಗಿದೆ. 1839ರ ಏಪ್ರಿಲ್ 17ರಂದು ಅದು ಸ್ಥಾಪಿತವಾದಾಗ ಅದಕ್ಕೆ ಈ ಹೆಸರಿರಲಿಲ್ಲ. ಅನಂತರವೂ ಹಲವು ಬಾರಿ ಹೆಸರು ಬದಲಾಯಿತು. ಕಾರ್ಯಕ್ಷೇತ್ರ ವಿಸ್ತಾರಗೊಂಡಂತೆ ಹೆಸರೂ ಉದ್ದವಾಗುವುದು ಲೋಕರೂಢಿ. ನಮ್ಮ ಕಡೆಯ ಸಂಘ ಸಂಸ್ಥೆಗಳ ಹೆಸರುಗಳಂತೂ ಕಾರ್ಯ ಬೆಳೆಯದಿದ್ದರೂ ದಾನಿಗಳ ಹೆಸರು ಸೇರಿ ಸೇರಿ ಬೆಳೆಯುತ್ತವೆ! ಆದರೆ ಈ ಸಂಘದ ಚರಿತ್ರೆಯಲ್ಲಿ ಕಾರ್ಯವು ಹಿಗ್ಗಿತು, ಹೆಸರು ಒಮ್ಮೆ ಬೆಳೆದು ಬಳಿಕ ಕುಗ್ಗಿತು. ಹೀಗೇಕಾಯಿತೆಂಬುದನ್ನು ತಿಳಿಯಲು ಅದರ ಹುಟ್ಟಿಗಿಂತಲೂ ಹಿಂದಕ್ಕೆ ಹೋಗಬೇಕಾಗುತ್ತದೆ.

1787ರ ಮೇ ತಿಂಗಳಲ್ಲಿ ಲಂಡನ್ನಿನ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಮಂದಿ ಸಭೆ ಸೇರಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದವರು. ಅವರು ಕಟ್ಟಿದ ಸಂಘದ ಹೆಸರಿನಲ್ಲಿಯೇ ಅದರ ಎಲ್ಲೆ ಸ್ಪಷ್ಟವಾಗಿತ್ತು. ಅದು ಗುಲಾಮರ ‘ವ್ಯಾಪಾರ’ವನ್ನು ನಿಲ್ಲಿಸುವ ಸಂಘವೇ ಹೊರತು ಗುಲಾಮಗಿರಿಯನ್ನು ನಿಲ್ಲಿಸುವ ಸಂಘವಲ್ಲ. 1807ರಲ್ಲಿ ಬ್ರಿಟಿಷ್ ಸಂಸತ್ತು ವ್ಯಾಪಾರವನ್ನು ನಿಷೇಧಿಸಿತು. ಆದರೆ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಅದಾಗಲೇ ಇದ್ದ ಗುಲಾಮರು ಗುಲಾಮರಾಗಿಯೇ ಉಳಿದರು. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ತೋಟದ ಧಣಿಯ ಸ್ವತ್ತೇ ಆಗಿದ್ದರು.

1823ರಲ್ಲಿ ಮತ್ತೊಂದು ಸಂಘವು ಹುಟ್ಟಿತು. ಗುಲಾಮಗಿರಿಯ ಕಾಠಿಣ್ಯವನ್ನು ತಗ್ಗಿಸಿ ಅದನ್ನು ‘ಕ್ರಮೇಣ’ ನಿರ್ಮೂಲಗೊಳಿಸುವುದು ತನ್ನ ಉದ್ದೇಶವೆಂದು ಅದು ತನ್ನ ಹೆಸರಿನಲ್ಲಿಯೇ ಸಾರಿತು. ಕ್ರಮೇಣ ಎಂಬ ಈ ಶಬ್ದವನ್ನು ಲೆಸ್ಟರ್ ಪಟ್ಟಣದ ಎಲಿಜಬೆತ್ ಹೇರಿಕ್ ಎಂಬ ಮಹಿಳೆ ಸಹಿಸಲಿಲ್ಲ. ಕ್ರಮೇಣ ಅಲ್ಲ, ತತ್‌ಕ್ಷಣವೇ ಎಂಬ ಅರ್ಥದ ಶೀರ್ಷಿಕೆಯಿಂದ ಆಕೆ 1824ರಲ್ಲಿ ಕಿರುಹೊತ್ತಿಗೆಯೊಂದನ್ನು ಹೊರತಂದರು. ಗುಲಾಮರು ಬೆಳೆದ ಸಕ್ಕರೆಯನ್ನು ಕೊಳ್ಳದಿರುವಂತೆ ತಮ್ಮ ಊರಿನ ಮನೆಮನೆಗೆ ಹೋಗಿ ಕೇಳಿಕೊಂಡರು. ಸಕ್ಕರೆಯನ್ನು ಕೊಂಡು ಉಣ್ಣುವವನೂ ಆ ಪಾಪದಲ್ಲಿ ಪಾಲುದಾರನೆಂಬುದು ಅವರ ವಾದವಾಗಿತ್ತು. ಸಂಘದ ಹಿರಿಯರು ಆ ಮಾತಿಗೆ ಸುಲಭವಾಗಿ ಕಿವಿಗೊಡಲಿಲ್ಲ. ಆದರೆ ಊರೂರುಗಳಲ್ಲಿ ಹಣ ಕೂಡಿಸಿ ಕಳುಹಿಸುತ್ತಿದ್ದವರು ಮಹಿಳಾ ಸಂಘಗಳವರು. 1830ರಲ್ಲಿ ಬರ್ಮಿಂಗ್‌ಹ್ಯಾಮಿನ ಮಹಿಳಾ ಸಂಘವು, ಕೇಂದ್ರ ಸಂಘವು ತತ್‌ಕ್ಷಣದ ವಿಮೋಚನೆಯನ್ನು ಒಪ್ಪದಿದ್ದರೆ ತಮ್ಮ ಧನಸಹಾಯವು ನಿಲ್ಲುವುದೆಂದು ತಿಳಿಸಿತು. ಅದೇ ವರ್ಷದ ಮೇ ತಿಂಗಳ ಸಮಾವೇಶದಲ್ಲಿ ‘ಕ್ರಮೇಣ’ ಎಂಬುದು ಸಂಘದ ಹೆಸರಿನಿಂದ ಹೊರಟುಹೋಯಿತು. ಹೇರಿಕ್ 1831ರಲ್ಲಿ ತೀರಿಕೊಂಡರು. ಸಂಸತ್ತಿನ ಕಾಯಿದೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನಡೆದ ಹೆಸರಿನ ಬದಲಾವಣೆಗಳಲ್ಲೆಲ್ಲ ಇದೇ ಅತ್ಯಂತ ಮಹತ್ತ್ವದ್ದೆಂದು ಈ ಲೇಖಕನ ಭಾವನೆ. ಉಳಿದ ಬದಲಾವಣೆಗಳು ಶಬ್ದವನ್ನು ಕೂಡಿಸಿದವು ಇಲ್ಲವೆ ಹಗುರಗೊಳಿಸಿದವು. ಇದು ಮಾತ್ರ ಒಂದು ನೆಪವನ್ನು ಕಿತ್ತೊಗೆಯಿತು.

1833ರ ಕಾಯಿದೆಯು 1834ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಧಣಿಗಳಿಗೆ ಎರಡು ಕೋಟಿ ಪೌಂಡುಗಳ ಪರಿಹಾರ ದೊರೆಯಿತು. ಬಿಡುಗಡೆ ಹೊಂದಿದವರಿಗೆ ಒಂದು ಕಾಸೂ ದೊರೆಯಲಿಲ್ಲ. ಅಷ್ಟೇ ಅಲ್ಲ, ಅವರು ಇನ್ನೂ ಕೆಲವು ವರ್ಷ ‘ಅಭ್ಯಾಸಿ’ಗಳೆಂಬ ಹೆಸರಿನಲ್ಲಿ ವಾರಕ್ಕೆ 45 ಗಂಟೆಗಳವರೆಗೆ ಹಳೆಯ ಧಣಿಗೇ ಕೂಲಿಯಿಲ್ಲದೆ ದುಡಿಯಬೇಕೆಂದು ವಿಧಿಸಲಾಯಿತು. ಬರ್ಮಿಂಗ್‌ಹ್ಯಾಮಿನ ಕ್ವೇಕರ್ ವರ್ತಕ ಜೋಸೆಫ್ ಸ್ಟರ್ಜ್ ಸ್ವತಃ ಕೆರಿಬಿಯನ್ ದ್ವೀಪಗಳಿಗೆ ಹೋಗಿ, ತಾವು ಕಂಡದ್ದನ್ನು ಸಹಯಾತ್ರಿಕ ಥಾಮಸ್ ಹಾರ್ವೆಯವರೊಡಗೂಡಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. 1838ರ ಆಗಸ್ಟ್ 1ರಂದು ಆ ಪದ್ಧತಿಯೂ ಕೊನೆಗೊಂಡಿತು. ಮರುವರ್ಷ ಸ್ಟರ್ಜ್ ಮುಂದಾಳುತನದಲ್ಲಿ ‘ಬ್ರಿಟಿಷ್ ಮತ್ತು ವಿದೇಶೀ ಗುಲಾಮಗಿರಿ ವಿರೋಧಿ ಸಂಘ’ ಹುಟ್ಟಿತು. ಇಂದಿನ ಸಂಸ್ಥೆಯ ಮೊದಲ ಹೆಸರು ಇದೇ. ‘ವಿದೇಶೀ’ ಎಂದರೆ ಅಮೆರಿಕ, ಬ್ರೆಜಿಲ್, ಕ್ಯೂಬಾ ಮುಂತಾದ ನಾಡುಗಳು. ಇನ್ನು ‘ಬ್ರಿಟಿಷ್’ ಎಂಬುದು ಏತಕ್ಕೆ? ತಮ್ಮ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಮುಗಿಯಿತಲ್ಲವೆ ಎಂದು ಓದುಗರು ಕೇಳಬಹುದು.

ಮುಗಿದಿರಲಿಲ್ಲ. 1833ರ ಕಾಯಿದೆಯು ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದ್ದ ಪ್ರದೇಶಗಳನ್ನು, ಅಂದರೆ ನಮ್ಮ ದೇಶವನ್ನು, ಬುದ್ಧಿಪೂರ್ವಕವಾಗಿಯೇ ಹೊರಗಿಟ್ಟಿತ್ತು. ಇಲ್ಲಿಯ ದಾಸ್ಯವು ಮನೆತನದ ಹಳೆಯ ಆಚಾರವೆಂದೂ ಅದರಲ್ಲಿ ಕೈಹಾಕಬಾರದೆಂದೂ ಕಂಪನಿಯ ಅಧಿಕಾರಿಗಳಲ್ಲಿ ಅನೇಕರು ವಾದಿಸುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಒತ್ತಾಯವೂ ಸೇರಿ 1843ರ ಐದನೆಯ ಕಾಯಿದೆ ಬಂದಿತು. ಅದು ಗುಲಾಮರನ್ನು ಇರಿಸಿಕೊಳ್ಳುವುದನ್ನು ಅಪರಾಧವೆಂದು ಸಾರಲಿಲ್ಲ. ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬನಿಗಿರುವ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡುವುದಿಲ್ಲವೆಂದಷ್ಟೇ ಹೇಳಿತು. ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವಾಗಿಸಿದ್ದು 1860ರ ದಂಡಸಂಹಿತೆಯ 370ನೆಯ ಕಲಮು.

ಇಷ್ಟರಲ್ಲಿ ಅನ್ಯಾಯವು ತನ್ನ ಹೆಸರನ್ನು ಬದಲಿಸಿಕೊಂಡಿತ್ತು. 1838ರ ಜನವರಿಯಲ್ಲಿ ವಿಟ್ಬಿ ಮತ್ತು ಹೆಸ್ಪೆರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಹೊರಟು ಮೇ ತಿಂಗಳಲ್ಲಿ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾವನ್ನು ಸೇರಿದವು. ಅವುಗಳಲ್ಲಿ ಸುಮಾರು 400 ಮಂದಿ ಭಾರತೀಯ ಕೂಲಿಗಳಿದ್ದರು. ಅವರಲ್ಲಿ ಕೆಲವರನ್ನು ದುಡಿಸಿಕೊಂಡ ತೋಟಗಳ ಒಡೆಯ ಜಾನ್ ಗ್ಲಾಡ್‌ಸ್ಟನ್, ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ಗ್ಲಾಡ್‌ಸ್ಟನ್ನರ ತಂದೆ. ಇವರು ಗುಲಾಮರಲ್ಲವಂತೆ! ಅವಧಿಯ ಕರಾರಿಗೆ ಹೆಬ್ಬೆಟ್ಟು ಒತ್ತಿದ ಸ್ವತಂತ್ರ ಕೂಲಿಗಳಂತೆ! ಸಂಘದ ಜಾನ್ ಸ್ಕೋಬಲ್ ಅಲ್ಲಿಗೆ ಹೋಗಿ ನೋಡಿ, ಅವರು ಪಡುತ್ತಿದ್ದ ಹೊಡೆತಗಳನ್ನೂ ರೋಗರುಜಿನಗಳನ್ನೂ ಬಯಲಿಗೆಳೆದರು. ಸಾಗಣೆಯು ಕೆಲಕಾಲ ನಿಂತಿತು. ಆದರೆ 1842ರಲ್ಲಿ ಮಾರಿಷಸ್ಸಿಗೆ, ಬಳಿಕ ಕೆರಿಬಿಯನ್ ವಸಾಹತುಗಳಿಗೆ ಮತ್ತೆ ಆರಂಭವಾಗಿ 1917ರವರೆಗೂ ನಡೆಯಿತು. ಗುಲಾಮಗಿರಿ ವಿರೋಧಿ ಎಂಬ ಹೆಸರಿನ ಸಂಘಕ್ಕೆ, ಕರಾರು ಇರುವಾಗ ಗುಲಾಮಗಿರಿ ಎಲ್ಲಿದೆ ಎಂಬ ಪ್ರಶ್ನೆಯನ್ನು ಸರಕಾರದವರು ಎಸೆದಾಗ ಉತ್ತರಿಸುವುದು ಕಷ್ಟವಾಗುತ್ತಿತ್ತು.

ಸಂಘದ ದೃಷ್ಟಿಗೂ ಮಿತಿಗಳಿದ್ದವು. 1840ರ ಜೂನಿನಲ್ಲಿ ಲಂಡನ್ನಿನಲ್ಲಿ ಅದು ಕರೆದ ಸಮಾವೇಶಕ್ಕೆ ‘ವಿಶ್ವ’ ಎಂಬ ವಿಶೇಷಣವಿತ್ತು. ಅಮೆರಿಕದಿಂದ ಪ್ರತಿನಿಧಿಗಳಾಗಿ ಬಂದ ಲುಕ್ರೀಶಿಯಾ ಮಾಟ್ ಮೊದಲಾದ ಮಹಿಳೆಯರಿಗೆ ಮಾತ್ರ ಪ್ರತಿನಿಧಿಗಳ ಸ್ಥಾನ ಸಿಗಲಿಲ್ಲ. ಅವರು ಪ್ರೇಕ್ಷಕರಾಗಿ ಕುಳಿತರು. ಮಹಿಳೆಯರು ಕಳುಹಿಸಿದ ಹಣದಿಂದ ಬೆಳೆದ ಚಳವಳಿಯಲ್ಲಿ ಹತ್ತೇ ವರ್ಷಗಳಲ್ಲಿ ಹೀಗಾಯಿತು.

1909ರಲ್ಲಿ ಸಂಘವು 1837ರಷ್ಟು ಹಳೆಯದಾದ ಮೂಲನಿವಾಸಿ ರಕ್ಷಣಾ ಸಂಘದೊಡನೆ ಒಂದುಗೂಡಿತು. ಹೆಸರು ‘ಗುಲಾಮಗಿರಿ ವಿರೋಧಿ ಮತ್ತು ಮೂಲನಿವಾಸಿ ರಕ್ಷಣಾ ಸಂಘ’ ಎಂದಾಯಿತು. ಕಾರಣವು ರಬ್ಬರು. ಬೆಲ್ಜಿಯಂ ದೊರೆ ಲಿಯೊಪೋಲ್ಡನ ಕೈಯಲ್ಲಿದ್ದ ಕಾಂಗೋದಲ್ಲಿ ಯಾರೂ ಯಾರನ್ನೂ ಸಂತೆಯಲ್ಲಿ ಕೊಂಡಿರಲಿಲ್ಲ. ಆದರೂ ರಬ್ಬರು ತರದ ಹಳ್ಳಿಗಳ ಜನರ ಕೈಗಳನ್ನು ಕಡಿಯಲಾಗುತ್ತಿತ್ತು. ಮಿಷನರಿ ಆಲಿಸ್ ಹ್ಯಾರಿಸ್ ತೆಗೆದ ಛಾಯಾಚಿತ್ರಗಳು ಯುರೋಪಿನ ಕಣ್ಣು ತೆರೆಸಿದವು. ಆಕೆಯ ಪತಿ ಜಾನ್ ಹ್ಯಾರಿಸ್ ಮುಂದೆ ಈ ಸಂಘದ ಕಾರ್ಯದರ್ಶಿಯಾದರು. ಅಮೆಜಾನ್ ಸೀಮೆಯ ಪುಟುಮಾಯೋದಲ್ಲಿ ಲಂಡನ್ನಿನಲ್ಲಿಯೇ ನೋಂದಾಯಿತವಾದ ಕಂಪನಿಯೊಂದು ಕಾಡಿನ ಜನರನ್ನು ಚಾವಟಿಯಿಂದಲೂ ತೀರದ ಸಾಲದಿಂದಲೂ ದುಡಿಸುತ್ತಿತ್ತು. ಹೊಸ ಹೆಸರು ಈ ಹೊಸ ಸಂಗತಿಗಳನ್ನು ಒಳಗೊಂಡಿತೆಂಬುದು ನಿಜ. ಆದರೆ ‘ರಕ್ಷಣೆ’ ಎಂಬಲ್ಲಿ ರಕ್ಷಿಸುವವನು ಮೇಲೆ, ರಕ್ಷಿಸಲ್ಪಡುವವನು ಕೆಳಗೆ ಎಂಬ ಭಾವವೂ ಸುಳಿಯುತ್ತದೆ. 1947ರಲ್ಲಿ ಆ ಭಾಗವು ಹೆಸರಿನಿಂದ ಕಳಚಿಬಿತ್ತು. 1950ರ ದಶಕದಲ್ಲಿ ‘ಮಾನವ ಹಕ್ಕುಗಳ ರಕ್ಷಣೆಗಾಗಿ’ ಎಂಬ ಬಾಲ ಸೇರಿತು. 1990ರ ದಶಕದಲ್ಲಿ ಅದೂ ಹೋಗಿ ‘ಇಂಟರ್‌ನ್ಯಾಷನಲ್’ ಎಂಬುದು ಮಾತ್ರ ಉಳಿಯಿತು.

ಹೆಸರು ಕುಗ್ಗಲು ಸಾಧ್ಯವಾದುದು ‘ಗುಲಾಮಗಿರಿ’ ಎಂಬ ಶಬ್ದವೇ ಈ ನಡುವೆ ಹಿಗ್ಗಿದ್ದರಿಂದ. ರಾಷ್ಟ್ರಸಂಘದ 1926ರ ಒಡಂಬಡಿಕೆಯು ಒಡೆತನದ ಪತ್ರವಿದೆಯೇ ಎಂದು ಕೇಳಲಿಲ್ಲ. ಒಡೆಯನಿಗಿರುವಂಥ ಅಧಿಕಾರವನ್ನು ಒಬ್ಬನು ಇನ್ನೊಬ್ಬನ ಮೇಲೆ ಚಲಾಯಿಸುತ್ತಿದ್ದಾನೆಯೇ ಎಂದು ಕೇಳಿತು. ಸಂಘವು ಬಹುಕಾಲ ಒತ್ತಾಯಿಸಿದ ಮೇಲೆ ವಿಶ್ವಸಂಸ್ಥೆಯ 1956ರ ಪೂರಕ ಒಡಂಬಡಿಕೆಯು ಸಾಲದ ಜೀತವನ್ನೂ, ಹಣ ಪಡೆದು ಹೆಣ್ಣನ್ನು ಅವಳ ಒಪ್ಪಿಗೆಯಿಲ್ಲದೆ ಮದುವೆಗೆ ಕೊಡುವುದನ್ನೂ, ದುಡಿಸಿಕೊಳ್ಳಲೆಂದು ಮಕ್ಕಳನ್ನು ಅನ್ಯರಿಗೆ ಒಪ್ಪಿಸುವುದನ್ನೂ ಹೆಸರು ಹಿಡಿದು ಸೇರಿಸಿತು. 2000ದಲ್ಲಿ ಮಾನವ ಸಾಗಣೆಯ ಬಗೆಗೆ ಪ್ರತ್ಯೇಕ ಒಪ್ಪಂದವೂ ಆಯಿತು.

ನಮ್ಮಲ್ಲಿ ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ಒಟ್ಟಿಗೇ ನಿಷೇಧಿಸಿತು. ಆದರೂ ಮಗಳ ಮದುವೆಗೆಂದು ಪಡೆದ ಕೆಲವು ನೂರು ರೂಪಾಯಿಗಳಿಗಾಗಿ ತಂದೆಯೂ ಅವನ ಬಳಿಕ ಮಗನೂ ಧಣಿಯ ಹೊಲದಲ್ಲಿ ದುಡಿಯುವುದನ್ನು ನಮ್ಮ ಹಳ್ಳಿಗಳು ಗುಲಾಮಗಿರಿಯೆಂದು ಕರೆಯಲಿಲ್ಲ. ಅದಕ್ಕೆ ಜೀತ ಎಂಬ ಮನೆಮಾತಿನ ಹೆಸರಿತ್ತು. ಎಲ್ಲರಿಗೂ ತಿಳಿದ ಹೆಸರಾದ್ದರಿಂದಲೇ ಅದು ಯಾರ ಕಣ್ಣನ್ನೂ ಚುಚ್ಚಲಿಲ್ಲ. ಜೀತದ ನಿರ್ಮೂಲನಕ್ಕೆ ಕಾಯಿದೆ ಬಂದುದು 1976ರಲ್ಲಿ. 1860ರಿಂದ ‘ಗುಲಾಮ’ ಎಂಬ ಶಬ್ದವನ್ನೇ ಹೊತ್ತಿದ್ದ 370ನೆಯ ಕಲಮನ್ನು 2013ರಲ್ಲಿ ತಿದ್ದಿ, ಅದೇ ಅಂಕಿಯ ಅಡಿಯಲ್ಲಿ ಮಾನವ ಸಾಗಣೆಯ ಅಪರಾಧವನ್ನು ವಿವರಿಸಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 143ನೆಯ ಕಲಮು. ಅಲ್ಲಿಂದ ಎರಡು ಕಲಮುಗಳ ಮುಂದೆ, 145ರಲ್ಲಿ, ಗುಲಾಮರ ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡವರಿಗೆ ಶಿಕ್ಷೆಯನ್ನು ವಿಧಿಸುವಲ್ಲಿ ಹಳೆಯ ಶಬ್ದವು ಇಂದಿಗೂ ಹಾಗೆಯೇ ಇದೆ.